ಲೋಪ, ಆಗಮ, ಆದೇಶ

ಅಸಲ್ಫಾದಲ್ಲಿ ನಳ್ಳಿ ನೀರು ಬರುವುದು ಬೆಳಗಿನ ಐದಕ್ಕೆ,
ನನ್ನ ಬೆರಳುಗಳು ಬರುವುದು ಆರೂವರೆಗೆ.
ನಡುವಿನ ಹೊತ್ತು
ಪಕ್ಕದ ಖೋಲಿಯ ಶೇವಂತಾ ವಹಿನಿ
ಕೇಳದೆಯೇ ನನ್ನ ಎರಡು ಕೊಡ, ಒಂದು ಬಕೆಟ್ ತುಂಬಿಸಿಡುತ್ತಾಳೆ.
ರಾತ್ರಿಯೇ ಮುಚ್ಚಳ ಸಡಿಲ ಬಿಟ್ಟ ಥರ್ಮಾಸಿನ ನೀರು
ಬೋಗುಣಿಗೆ ಬಗ್ಗಿಸಿ, ಕೈ ಮುಳುಗಿಸಿ ಕೂತಿರುತ್ತೇನೆ,
ಗಟ್ಟಿ ಅವಲಕ್ಕಿ ನೆನೆಯಲೆಂದು ಕಾಯುವವಳ ಹಾಗೆ.

ಇಪ್ಪತ್ತಾರು ವರ್ಷ.
ಮೊದಲು ಬಂದದ್ದು ಬಲಗೈಯ ನಡುಬೆರಳಿಗೆ,
ಸೀಮೆಸುಣ್ಣ ಒರಗುವ ಜಾಗಕ್ಕೆ.
ಫೋರ್ಟಿನ ರಾತ್ರಿಶಾಲೆ, ಒಂದೇ ಕೋಣೆ,
ಮುಂದಿನ ಬೆಂಚಿಗೆ ಅ ಆ ಇ ಈ, ಹಿಂದಿನ ಬೆಂಚಿಗೆ ಎಸ್ಸೆಸ್ಸಿ ವ್ಯಾಕರಣ.
ಹೋಟೆಲು ಮುಚ್ಚಿಸಿ ಬಂದ ಹುಡುಗರು
ಅಂಗಿಯಲ್ಲಿ ಸಾಂಬಾರಿನ ಪರಿಮಳ, ಕಣ್ಣಲ್ಲಿ ನಿದ್ದೆ.
ಊರು ಊರು ಸೇರಿ ಊರೂರು, ಒಂದು ಉಕಾರ ಲೋಪ.
ಮನೆ ಅನ್ನು ಸೇರಿ ಮನೆಯನ್ನು, ಯಕಾರ ಆಗಮ.
ಮಳೆ ಕಾಲ ಸೇರಿ ಮಳೆಗಾಲ, ಕಕಾರ ಹೋಗಿ ಗಕಾರ.
'ಟೀಚರ್, ಎರಡು ಸೇರುವಲ್ಲಿ ಯಾಕೆ ಏನಾದರೂ ಸಾಯಬೇಕು?'
ಕೇಳಿದವನು ಕೊರಗಪ್ಪ, ದೋಸೆ ಕಾವಲಿಯವ.
ಸಾಯುವುದಲ್ಲ ಮಾರಾಯ, ಉಚ್ಚಾರ ಹಗುರಾಗುವುದು, ಅಂದಿದ್ದೆ.

ಪರೇಲಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದಾಗ
ನನಗೆ ಕಂಡದ್ದು ಕರಿಹಲಗೆ.
ಮಣಿಕಟ್ಟಿನಲ್ಲಿ ಮೂಳೆ ಮೂಳೆಯ ನಡುವಿನ ಜಾಗ: ಲೋಪ.
ಬಲಮೊಣಕಾಲಿಗೆ ಕರೆಯದೆ ಬಂದು ತುಂಬಿದ ನೀರು: ಆಗಮ.
ಎಡದ್ದನ್ನು ಕೊಯ್ದು ತೆಗೆದು, ಉಕ್ಕಿನದು ಕೂರಿಸಿ ಒಂಬತ್ತು ವರ್ಷ: ಆದೇಶ.
ಮೆಟ್ಟಿಲಿಳಿಯುವಾಗ ಅದು ಟಕ್ಕೆನ್ನುತ್ತದೆ, ಒತ್ತಕ್ಷರದ ಹಾಗೆ.
ನಗು ಬಂತು. ಏನು ಮಜಾ, ಎಂದರು ಡಾಕ್ಟರು ಮರಾಠಿಯಲ್ಲಿ.
ವ್ಯಾಕರಣ, ಅಂದೆ.

ಸೋಮವಾರ ಹಳದಿ ಮಾತ್ರೆ, ಆರು, ಒಟ್ಟಿಗೆ.
ಮಂಗಳವಾರ ಬಾಯೆಲ್ಲ ತುಕ್ಕು, ಬಂಗುಡೆ ಸಾರೂ ಬೇಡ,
ಬಂಗೇರರ ಮಗಳಿಗೆ!
ಬುಧವಾರ ಇನ್ನೊಂದು ಮಾತ್ರೆ, ಸೋಮವಾರದ್ದರ ತಪ್ಪು ತಿದ್ದಲು.
ಎರಡು ತಿಂಗಳಿಗೊಮ್ಮೆ ರಕ್ತ ಕೊಟ್ಟು ಲಿವರಿನ ಕ್ಷೇಮ ವಿಚಾರಿಸುವುದು.
ಕಂಡವರೆಲ್ಲ ಎಣ್ಣೆ ಹೇಳುತ್ತಾರೆ.
ಕಪಾಟಿನಲ್ಲಿ ಹನ್ನೆರಡು ಬಾಟಲಿ ಇವೆ,
ಒಂದರ ಮುಚ್ಚಳವೂ ನನ್ನಿಂದ ತೆರೆಯಲಾಗದ್ದು.

ನಾಲ್ಕು ಬೆರಳೂ ಕಿರುಬೆರಳ ಕಡೆಗೇ ವಾಲಿವೆ,
ಕುರ್ಲಾದಲ್ಲಿ ಇಳಿಯುವವರು
ಘಾಟ್ಕೋಪರಿನಿಂದಲೇ ಬಾಗಿಲಿಗೆ ವಾಲುವ ಹಾಗೆ.
ಯಾರೂ ಇಳಿದಿಲ್ಲ ಇನ್ನೂ.

ಮೊನ್ನೆ ಬ್ಯಾಂಕಿನಲ್ಲಿ ಸಹಿ ಹೊಂದಲಿಲ್ಲ.
ಅವರ ಕಂಪ್ಯೂಟರಿನೊಳಗೆ ಎಂಬತ್ತೊಂಬತ್ತರ ಒಂದು ಸಾಲು,
ವಾರಿಜಾ ಕೆ. ಬಂಗೇರ, ಮುತ್ತು ಪೋಣಿಸಿದ್ದು.
ನಾನೀಗ ಬರೆದದ್ದು ಅದರ ಅಜ್ಜಿ.
'ಅಂಗಠಾ ಚಾಲೇಲ್, ಕಾಕೂ,' ಎಂದು
ಹುಡುಗಿ ನೀಲಿ ಮಸಿಯ ಡಬ್ಬಿ ಈಚೆ ತಳ್ಳಿದಳು.

ಹೆಬ್ಬೆಟ್ಟು.
ಲೋಟ ತೊಳೆಯುವ ಐತಪ್ಪ, ಮೊದಲ ಸಲ ಸಹಿ ಹಾಕಿ ಪಗಾರ ಪಡೆದ ರಾತ್ರಿ
ನನಗೆ ಕಾಗದದಲ್ಲಿ ಸುತ್ತಿ ತಂದ ಜಿಲೇಬಿ
ಶಾಲೆಗೆ ಬರುವಷ್ಟರಲ್ಲಿ ಕಾಗದಕ್ಕೇ ಅಂಟಿತ್ತು.
ಅಕ್ಷರ ಸಮೇತ ತಿಂದಿದ್ದೆ.

ಒತ್ತಿ ನೋಡಿದೆ, ಯಾಕೆ ಸುಳ್ಳು. ಕೂರಲಿಲ್ಲ.
ಗಂಟುಕಟ್ಟಿ ಹಿಂದಕ್ಕೆ ಬಾಗಿದ ಹೆಬ್ಬೆರಳು,
ತುದಿ ಮಾತ್ರ ತಾಗಿತು, ಒಂದು ಪೂರ್ಣವಿರಾಮದಷ್ಟು.
ಹುಡುಗಿ ಎದ್ದು ಈಚೆ ಬಂದಳು, ಎರಡು ಕೈಯಲ್ಲಿ ನನ್ನ ಕೈ ಹಿಡಿದು
ದುಖ್ತಯ್ ಕಾ, ಎಂದಳು.
ನೋಯುತ್ತದೆ, ಅಂದೆ. ಹೊಸ ಸಹಿಯ ಕಾರ್ಡು ಕೊಡು.

ಪೆನ್ನಿಗೆ ಕರವಸ್ತ್ರ ಸುತ್ತಿ, ದಪ್ಪ ಮಾಡಿ,
ಒನಕೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು
ಬರೆದೆ. ಹಿಂದೆ ಸರತಿಯಲ್ಲಿ ಯಾರೋ ಕೆಮ್ಮಿದರು.
ಕೆ. ಲೋಪ, ಬಂಗೇರ ಲೋಪ,
ವಾರಿಜಾ ಅಷ್ಟೆ.
ಮೂರು ಚೌಕದಲ್ಲಿ ಮೂರು ಬಗೆ.
ಯಾವುದು ಹಾಕಲಿ ಕಾಕೂ, ಎಂದಳು.
ನಡುವಿನದು, ಅಂದೆ.
ಅದರಲ್ಲಿ ಕೊನೆಯ ದೀರ್ಘ ಸರಿ ಬಂದಿದೆ.